ಬೆಳ್ಳಿ ಬಿಚ್ಚಿದ ಕಡ್ತಲೆ

ನಮ್ಮ ಕುಟುಂಬದ ದೈವಕ್ಕೆ ಎರಡು ಕಡ್ತಲೆಗಳಿದ್ದವು. ಕಡ್ತಲೆ ಎಂದರೆ ದೈವದ ಖಡ್ಗ. ದೈವ ಮೈಮೇಲೆ ಬಂದು ಕುಣಿಯುವ ನೇಮದ ದಿನ ಹೊರಗೆ ಬರುತ್ತದೆ, ಉಳಿದ ದಿನಗಳಲ್ಲಿ ಭಂಡಾರದ ಪೆಟ್ಟಿಗೆಯೊಳಗೆ ಇರುತ್ತದೆ. ಒಂದು ಉದ್ದದ್ದು, ತುದಿ ಸ್ವಲ್ಪ ಬಾಗಿದ್ದು. ಅದು ನಮ್ಮ ಅಜ್ಜ ಮಾಡಿಸಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಗಿಡ್ಡದ್ದು. ಅದನ್ನು ಯಾರು ಮಾಡಿಸಿದ್ದು ಎಂದು ಕೇಳಿದರೆ ಹಿರಿಯರೆಲ್ಲ ಒಂದೇ ಉತ್ತರ ಕೊಡುತ್ತಿದ್ದರು: "ಅದು ಮೊದಲಿಂದಲೂ ಉಂಟು." ಮೊದಲು ಎಂದರೆ ಯಾವಾಗ ಎಂದು ಮತ್ತೆ ಕೇಳಿದರೆ, "ನಿಂಗೆ ಅದೆಲ್ಲ ಎಂತಕ್ಕೆ ಮಾರಾಯ್ತಿ?"

ಎಂತಕ್ಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದವಳು. ಈಗ ನಿವೃತ್ತಳಾಗಿ ಸುಳ್ಯದಲ್ಲಿದ್ದೇನೆ, ತವರು ಪಂಜದ ಹತ್ತಿರ. ಚಿತ್ರ ಬಿಡಿಸುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಅರ್ಧ ಕಂಡದ್ದನ್ನು ಪೂರ್ತಿ ಕಾಣುವವರೆಗೆ ಸಮಾಧಾನವಿಲ್ಲ. ಆ ಗಿಡ್ಡ ಕಡ್ತಲೆಯನ್ನು ನಾನು ಯಾವಾಗಲೂ ಅರ್ಧವೇ ಕಂಡದ್ದು. ಭಂಡಾರ ಇಳಿಯುವಾಗ, ಅಂದರೆ ಪೆಟ್ಟಿಗೆಯ ಆಯುಧ ಒಡವೆಗಳನ್ನು ಹೊರಗೆ ತರುವಾಗ, ಗಂಡಸರು ಅಂಗಳದಲ್ಲಿ, ನಾವು ಹೆಂಗಸರು ಚಾವಡಿಯ ಕಂಬಗಳ ಹಿಂದೆ. ಕಡ್ತಲೆಯ ಹಿಡಿಗೆ ಯಾರೋ ಹರಕೆ ಹೇಳಿ ಹೊದಿಸಿದ ಬೆಳ್ಳಿ, ಬುಡಕ್ಕೆ ಸುತ್ತಿದ ಕೆಂಪು ರೇಷ್ಮೆ ಪಟ್ಟೆ, ಪಟ್ಟೆಯ ಮೇಲೆ ಹೂವು, ತುದಿಗೆ ಚುಚ್ಚಿದ ನಿಂಬೆಹಣ್ಣು. ಇಷ್ಟೆಲ್ಲ ಕಳೆದು ಉಳಿದ ಜಾಗದಲ್ಲಿ ಒಂದು ಗೇಣು ಕಬ್ಬಿಣ ಕಂಡರೆ ನನ್ನ ಪುಣ್ಯ.

ಅದನ್ನು ಹಿಡಿದು ನಿಲ್ಲುತ್ತಿದ್ದವನು ನನ್ನ ಅಣ್ಣ. ಅಪ್ಪ ಬೇಗ ತೀರಿಹೋದದ್ದರಿಂದ ಮೀಸೆ ಬಲಿಯುವ ಮೊದಲೇ ಯಜಮಾನಿಕೆಯೂ ಕಡ್ತಲೆಯೂ ಅವನ ಕೈಗೆ ಬಂದಿದ್ದವು. ಪ್ರತಿ ನೇಮದ ಹಿಂದಿನ ದಿನ ಹುಣಸೆಹುಳಿ ಹಾಕಿ ಅದನ್ನು ಫಳಫಳ ಹೊಳೆಯುವ ಹಾಗೆ ತಿಕ್ಕುತ್ತಿದ್ದವನೂ ಅವನೇ. ಅವನಿಗೆ ಅದು ಪೂರ್ತಿ ಕಾಣುತ್ತಿತ್ತು, ಆದರೆ ಅವನು ನೋಡುತ್ತಿರಲಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಅದರ ಆಕಾರ ಹೇಗಿದೆ ಎಂದು ಒಮ್ಮೆ ಕೇಳಿದ್ದಕ್ಕೆ, "ಹೇಗಿರುದು? ಕಡ್ತಲೆಯ ಹಾಗೆ ಉಂಟು" ಎಂದಿದ್ದ.

ನನ್ನ ಕುತೂಹಲಕ್ಕೆ ನಿಜವಾಗಿ ಕಿಡಿ ಹೊತ್ತಿಸಿದ್ದು ಒಂದು ವೀರಗಲ್ಲು. ಶಾಲೆಗೆ ಟೀಚರಾಗಿ ಸೇರಿದ ಹೊಸತರಲ್ಲಿ, ಬಸ್ಸಿಳಿದು ನಡೆಯುವ ಓಣಿಯ ಬದಿಯಲ್ಲಿ ಅದು ಸ್ವಲ್ಪ ವಾಲಿಕೊಂಡು ನಿಂತದ್ದು ಕಣ್ಣಿಗೆ ಬಿತ್ತು. ಊರವರಿಗೆ ಅದು ಭೂತದ ಕಲ್ಲು. ವರ್ಷಕ್ಕೊಮ್ಮೆ ಎಣ್ಣೆ ಹಾಕಿ ಕೈಮುಗಿದರೆ ಮುಗಿಯಿತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ಮನುಷ್ಯ ಹೊಡೆದಾಡುತ್ತಿರುತ್ತಾನೆ, ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ, ಮೇಲಿನ ಸಾಲಿನಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಈ ಕಲ್ಲಿನ ವೀರನ ಕಣ್ಣು ಮೂಗುಗಳೆಲ್ಲ ಸವೆದುಹೋಗಿದ್ದವು. ಆಯುಧಗಳನ್ನು ಆಳವಾಗಿ ಕೆತ್ತಿದ್ದರಿಂದ ಅವು ಉಳಿದಿದ್ದವು. ಸೊಂಟದಲ್ಲೊಂದು ಸಣ್ಣ ಕಠಾರಿ, ಎತ್ತಿದ ಕೈಯಲ್ಲೊಂದು ಗಿಡ್ಡ ಖಡ್ಗ. ಖಡ್ಗದ ಅಲಗು ಹಿಡಿಯ ಹತ್ತಿರ ಅಗಲ, ನಡುವೆ ಸಪೂರ, ತುದಿಗೆ ಹೋಗುವಾಗ ಮತ್ತೆ ಅಗಲ.

ನಾನು ಓಣಿಯಲ್ಲೇ ನಿಂತುಬಿಟ್ಟೆ. ಆ ಸಪೂರ ನಡುವನ್ನು ನಾನು ಕಂಡಿದ್ದೆ. ಪಟ್ಟೆಗೂ ನಿಂಬೆಹಣ್ಣಿಗೂ ಮಧ್ಯೆ ನನ್ನ ಪಾಲಿಗೆ ಸಿಗುತ್ತಿದ್ದ ಒಂದು ಗೇಣು ಅದೇ ಆಗಿತ್ತು.

ಮರುದಿನ ತೆಳ್ಳಗಿನ ಕಾಗದ ತಂದು ಕಲ್ಲಿನ ಮೇಲೆ ಹಿಡಿದು, ಕ್ರೇಯಾನ್ ಅಡ್ಡ ಮಲಗಿಸಿ ಉಜ್ಜಿ ಖಡ್ಗದ ಅಚ್ಚು ತೆಗೆದೆ. ದನಕ್ಕೆ ಹುಲ್ಲು ಹೆರೆಯಲು ಬಂದ ಹೆಂಗಸೊಬ್ಬಳು ನಿಂತು ನೋಡಿ, "ಟೀಚರೇ, ಭೂತದ ಕಲ್ಲಿಗೆ ಎಂತದು ಬಣ್ಣ ಬಳಿಯುದು? ಆಮೇಲೆ ಜ್ವರ ಬಂದರೆ ನನ್ನ ಕೇಳ್ಬೇಡಿ ಆಯ್ತಾ" ಎಂದಳು. ಜ್ವರ ಬರಲಿಲ್ಲ. ಬಂದದ್ದು ಹುಚ್ಚು. ಅಂದಿನಿಂದ ಯಾವ ದೇವಸ್ಥಾನಕ್ಕೆ ಹೋದರೂ ನಾನು ದೇವರ ಮುಖ ನೋಡುವ ಮೊದಲು ದೇವರ ಕೈ ನೋಡುವವಳಾದೆ. ದುರ್ಗೆಯ ಕೈಯಲ್ಲಿ ಯಾವ ಬಗೆಯ ಖಡ್ಗ, ಭೈರವನ ಸೊಂಟದಲ್ಲಿ ಯಾವ ಬಗೆಯ ಬಾಕು. ಪೂಜೆ ಮಾಡಿಸಲು ಬಂದ ನಾದಿನಿಯರಿಗೆ ನನ್ನಿಂದ ನಾಚಿಕೆಯಾಗುತ್ತಿತ್ತು.

ಪುತ್ತೂರಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಅಚ್ಚನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಒಂದು ಶನಿವಾರ ಅವರ ಮನೆಗೆ ಹೋದೆ. ಒಳ್ಳೆಯ ಮನುಷ್ಯ. ತಮ್ಮ ಮಾತು ಕೇಳುವವರು ಸಿಕ್ಕಿದ ಖುಷಿಗೆ ಕಾಫಿ ತಣಿದದ್ದೂ ಅವರಿಗೆ ಗೊತ್ತಾಗಲಿಲ್ಲ. ಸಿಂಧೂ ಕಣಿವೆಯಲ್ಲಿ ಸಿಕ್ಕಿದ ತಾಮ್ರದ ಬಾಕುಗಳು ಕೆಲವು ಎಷ್ಟು ತೆಳು ಎಂದರೆ ಜೋರಾಗಿ ಚುಚ್ಚಿದರೆ ಬಗ್ಗಬೇಕು ಎಂದರು. ಗಂಗೆಯ ಬಯಲಿನ ಹೊಲಗಳಲ್ಲಿ ಸಿಕ್ಕಿದ ತಾಮ್ರದ ಖಡ್ಗಗಳ ಹಿಡಿ ತುದಿಯಲ್ಲಿ ಮಿಡತೆಯ ಮೀಸೆಯ ಹಾಗೆ ಎರಡಾಗಿ ಕವಲೊಡೆದಿರುತ್ತದಂತೆ. ಅವುಗಳಿಂದ ಯುದ್ಧ ಮಾಡಿದರೋ ಅಥವಾ ಪೂಜೆಗೇ ಇಟ್ಟುಕೊಂಡಿದ್ದರೋ ಎಂದು ಪಂಡಿತರು ಇನ್ನೂ ಜಗಳಾಡುತ್ತಿದ್ದಾರಂತೆ. ನಮ್ಮ ದಕ್ಷಿಣದಲ್ಲಿ ದೊಡ್ಡ ದೊಡ್ಡ ಕಲ್ಲು ನಿಲ್ಲಿಸಿದ ಗೋರಿಗಳೊಳಗೆ ಸತ್ತವರ ಪಕ್ಕದಲ್ಲಿ ಕಬ್ಬಿಣದ ಕತ್ತಿ, ಬಾಕು ಇಟ್ಟಿದ್ದಾರೆ; ಮಣ್ಣು ತೆಗೆದಾಗ ಮನುಷ್ಯನ ಎಲುಬು ಪುಡಿಯಾಗಿರುತ್ತದೆ, ತುಕ್ಕು ಹಿಡಿದ ಕತ್ತಿ ಇನ್ನೂ ಕತ್ತಿಯಂತೆಯೇ ಕಾಣುತ್ತದೆ. ನಡು ಸಪೂರವಾದ ನನ್ನ ಖಡ್ಗದಂಥದ್ದು ಹಳೆಯ ಶಿಲ್ಪಗಳಲ್ಲಿ ಬೇಕಾದಷ್ಟು ಸಿಗುತ್ತದಂತೆ.

"ಹಾಗಾದರೆ ನಮ್ಮ ಕಡ್ತಲೆ ಅಷ್ಟೇ ಹಳತಾ ಸರ್?" ಎಂದು ಕೇಳಿದೆ.

"ಅಲ್ಲೇ ಇರುದು ತೊಂದರೆ ಟೀಚರೇ" ಎಂದರು. "ಕಲ್ಲು ಕೆತ್ತಿದವ ತಾನು ಕಣ್ಣಾರೆ ಕಂಡ ಕತ್ತಿಯನ್ನು ಕೆತ್ತಿದನಾ, ಗುರು ಕೆತ್ತಿದ್ದನ್ನು ನೋಡಿ ಕೆತ್ತಿದನಾ? ಹೇಳ್ಲಿಕ್ಕೆ ಆಗುದಿಲ್ಲ. ದೈವದ ಆಯುಧವೂ ಹಾಗೆ. ಹಳತು ಹೋದರೆ ಅದೇ ಆಕಾರದಲ್ಲಿ ಹೊಸತು ಮಾಡಿಸ್ತಾರೆ. ಆಕಾರ ಸಾವಿರ ವರ್ಷದ್ದು ಇರ್ಬಹುದು, ಕಬ್ಬಿಣ ಮೊನ್ನೆಯದ್ದು ಇರ್ಬಹುದು."

"ಮತ್ತೆ ಗೊತ್ತು ಮಾಡುದು ಹೇಗೆ?"

"ಒಂದು ಚೂರು ಕಬ್ಬಿಣ ಬೇಕು. ಹಿಂದೆ ಇದ್ದಿಲಿನಲ್ಲಿ ಕಾಯಿಸಿ ಕಬ್ಬಿಣ ಮಾಡ್ತಿದ್ದರಲ್ಲ, ಆ ಇದ್ದಿಲಿನ ಅಂಶ ಒಳಗೆ ಉಳಿದಿರ್ತದೆ. ಅದನ್ನು ನೋಡಿ ಕಾಲ ಹೇಳುವವರಿದ್ದಾರೆ. ನಾನು ಕಳಿಸಿಕೊಡ್ತೇನೆ. ಒಂದು ಚೂರು ತನ್ನಿ."

ಒಂದು ಚೂರು! ಮುಟ್ಟಲಿಕ್ಕೇ ಬಿಡದ ಕಡ್ತಲೆಯಿಂದ ನಾನು ಚೂರು ತರುವುದು! ಕಾಗದದ ಸುರುಳಿಯನ್ನು ಮತ್ತೆ ಕಂಕುಳಲ್ಲಿಟ್ಟು ವಾಪಸು ಬಂದೆ. ಅದಾದ ಮೇಲೆ ವರ್ಷಗಳು ಹೋದವು, ನಾನು ನಿವೃತ್ತಳೂ ಆದೆ.

ಹೋದ ಬೇಸಗೆಗೆ ಮೊದಲು ಅಣ್ಣನ ಫೋನ್ ಬಂತು. ದೈವಸ್ಥಾನದ ಜೀರ್ಣೋದ್ಧಾರಕ್ಕೆಂದು ಜ್ಯೋತಿಷಿಗಳನ್ನು ಕರೆಸಿ ಕವಡೆ ಹಾಕಿ ಪ್ರಶ್ನೆ ಇಡಿಸಿದ್ದರು. ಗಿಡ್ಡ ಕಡ್ತಲೆಯ ಅಲಗಿನಲ್ಲಿ ಬಿರುಕು ಬಂದಿದೆ, ಭಿನ್ನವಾದ ಆಯುಧ ದೈವಕ್ಕೆ ಸಲ್ಲುವುದಿಲ್ಲ, ಅದನ್ನು ಹೊಳೆಗೆ ಬಿಟ್ಟು ಹೊಸತು ಮಾಡಿಸಬೇಕು ಎಂದು ಕಂಡುಬಂದಿತ್ತು.

"ಹೊಳೆಗಾ?" ಎಂದೆ. ನನ್ನ ಸ್ವರ ನನಗೇ ವಿಚಿತ್ರವಾಗಿ ಕೇಳಿಸಿತು. "ಅಣ್ಣ, ಹೊಳೆಗೆ ಬಿಡ್ಬೇಡ. ಮ್ಯೂಸಿಯಮ್ಮಿಗೆ ಕೊಡುವ."

"ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸ್ಲಿಕ್ಕಾ? ದೈವದ್ದು ದೈವಕ್ಕೆ, ಇಲ್ಲದಿದ್ದರೆ ನೀರಿಗೆ. ಸತ್ತವರನ್ನು ಯಾರಾದರೂ ಚಾವಡಿಯಲ್ಲಿ ಕೂರಿಸ್ತಾರಾ?"

"ಹಾಗಾದರೆ ಒಂದು ಚೂರು ಕೊಡು. ಉಗುರಿನಷ್ಟು ಸಾಕು. ಅದು ಎಷ್ಟು ಹಳತು ಅಂತ ಗೊತ್ತಾಗ್ತದೆ."

"ಕೆರೆಯುದೂ ಬೇಡ, ಗೀರುದೂ ಬೇಡ. ಗೊತ್ತಾಗಿ ಎಂತ ಆಗ್ಲಿಕ್ಕುಂಟು?"

ನಾನು ಸಿಟ್ಟಿನಲ್ಲಿ ಫೋನ್ ಇಟ್ಟೆ. ಮರುದಿನವೇ ಬಸ್ಸು ಹತ್ತಿ ತವರಿಗೆ ಹೋಗಿ, ಜೀರ್ಣೋದ್ಧಾರದ ವಿಧಿ ನಡೆಸಲು ಬಂದಿದ್ದ ತಂತ್ರಿಗಳನ್ನು, ಒಂದು ಚೂರು ತೆಗೆಯಬಹುದೇ ಎಂದು ಕೇಳಿದೆ. ಅವರು ಹಾವೂ ಸಾಯದ ಕೋಲೂ ಮುರಿಯದ ಉತ್ತರ ಕೊಟ್ಟರು: "ಯಜಮಾನರು ಹೇಗೆ ಹೇಳ್ತಾರೋ ಹಾಗೆ." ಆದರೆ ಎದ್ದು ಹೋಗುವಾಗ ಒಂದು ಮಾತು ಸೇರಿಸಿದರು. ಹೊಳೆಗೆ ಬಿಡುವ ದಿನ ಬೆಳಿಗ್ಗೆ ಕಲಾಸಂಕೋಚ ನಡೆಯುತ್ತದೆ, ಅಂದರೆ ಕಡ್ತಲೆಯಲ್ಲಿರುವ ದೈವದ ಶಕ್ತಿಯನ್ನು ಮಂತ್ರದಿಂದ ಕಲಶದ ನೀರಿಗೆ ಇಳಿಸುತ್ತಾರೆ. "ಆಮೇಲೆ ಅದು ಬರೀ ಕಬ್ಬಿಣ. ಹೊಳೆಗೆ ಹೋಗುವವರೆಗೆ ಯಾರು ಮುಟ್ಟಿದರೂ ದೋಷ ಇಲ್ಲ."

ಯಾರು ಮುಟ್ಟಿದರೂ! ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ಆ ಹೊತ್ತು ನನ್ನದು ಎಂದು ಆಗಲೇ ತೀರ್ಮಾನಿಸಿದೆ. ಅಣ್ಣ ಗೊಣಗಿದ, ಆದರೆ ತಂತ್ರಿಗಳ ಮಾತಿಗೆ ಎದುರಾಡಲಾಗದೆ ಒಪ್ಪಿದ. ಚಿತ್ರ ಬಿಡಿಸಬಹುದು, ಅಳತೆ ತೆಗೆಯಬಹುದು, ಕಬ್ಬಿಣಕ್ಕೆ ಪೆಟ್ಟಾಗಬಾರದು. ನಾನು ಮಾತು ಕೊಟ್ಟೆ.

ಆ ದಿನ ಕಲಾಸಂಕೋಚ ಮುಗಿದ ಮೇಲೆ ಅಕ್ಕಸಾಲಿಗರು ಬಂದು ಹಿಡಿಯ ಬೆಳ್ಳಿ ಬಿಚ್ಚಿದರು. ಬೆಳ್ಳಿ ಹೊಳೆಗೆ ಹೋಗುವುದಿಲ್ಲ, ಹೊಸ ಕಡ್ತಲೆಗೆ ಬರುತ್ತದೆ. ಬೆಳ್ಳಿಯ ಒಳಗೆ ಅರಗು, ಅರಗಿನ ಒಳಗೆ ಬಟ್ಟೆ, ಬಟ್ಟೆಯ ಒಳಗೆ ಇನ್ನೊಂದು ಬಟ್ಟೆ. ಕಡೆಗೆ ಕಪ್ಪು ಕಬ್ಬಿಣ. ಅಕ್ಕಸಾಲಿಗರು ಅದಕ್ಕೆ ಒಂದಿಷ್ಟು ತೆಂಗಿನೆಣ್ಣೆ ಸವರಿ, ಜಗಲಿಯಲ್ಲಿ ನಾನು ಹಾಸಿಟ್ಟಿದ್ದ ಕಂದು ಕಾಗದದ ಮೇಲೆ ಮಲಗಿಸಿ ಹೋದರು. ಅಣ್ಣ ಎದುರಿಗೆ ಕುರ್ಚಿ ಎಳೆದುಕೊಂಡು ಕಾವಲು ಕೂತ. ಇಷ್ಟು ವರ್ಷ ಶಾಲೆಯಲ್ಲಿ ಪರೀಕ್ಷೆಯ ದಿನ ನಾನು ಕೂರುತ್ತಿದ್ದದ್ದು ಹಾಗೆಯೇ.

ಮೊದಲು ಸುಮ್ಮನೆ ನೋಡಿದೆ. ಅಲಗಿಗೆ ಎರಡೂ ಕಡೆ ಬಾಯಿ. ನಡುವಿನಲ್ಲಿ ಉದ್ದಕ್ಕೆ ಒಂದು ಏರು, ಬೆರಳಾಡಿಸಿದರೆ ಸಿಗುವಷ್ಟು. ತುದಿ ಅಗಲ. ನಡು ಸಪೂರ, ಕಲ್ಲಿನ ಖಡ್ಗದ ಹಾಗೆಯೇ. ನನ್ನ ಹಳೆಯ ಅಚ್ಚನ್ನು ಬಿಚ್ಚಿ ಪಕ್ಕದಲ್ಲಿಟ್ಟೆ.  ಬಗ್ಗಿ ನೋಡಿದಾಗ ಒಂದು ಅನುಮಾನ ಬಂತು. ಎಡಬದಿಯ ಒಳಬಾಗು ಚೊಕ್ಕವಾಗಿತ್ತು, ಬಲಬದಿಯದ್ದು ಒಂಥರಾ ಅಲೆಅಲೆಯಾಗಿತ್ತು. ಅಲ್ಲಿಯೇ ಬಿರುಕು ಕೂಡ. ತಿಕ್ಕುವಾಗ ಹೆಬ್ಬೆರಳು ಒತ್ತುವ ಜಾಗ ಅದು. ಎಷ್ಟೋ ತಲೆಮಾರಿನ ಯಜಮಾನರು ಭಕ್ತಿಯಿಂದ ಹುಣಸೆಹುಳಿ ಹಾಕಿ ಕಬ್ಬಿಣವನ್ನು ತಿನ್ನಿಸಿದ್ದರು. ಹಾಗಾದರೆ ನಾನು ಇಷ್ಟು ವರ್ಷ ಪುರಾತನ ಎಂದುಕೊಂಡ ಸಪೂರ ನಡುವಿನಲ್ಲಿ ಕಮ್ಮಾರನದ್ದು ಎಷ್ಟು, ನಮ್ಮ ಹುಳಿಯದ್ದು ಎಷ್ಟು? ಎಡಬದಿ ಹೌದು ಎನ್ನುತ್ತಿತ್ತು, ಬಲಬದಿ ಗೊತ್ತಿಲ್ಲ ಎನ್ನುತ್ತಿತ್ತು. ನನಗೆ ನಗು ಬಂತು.

"ಎಂತ ನಗುದು?" ಎಂದ ಅಣ್ಣ.

"ಬಿರುಕು ಯಾರು ತಂದದ್ದು ಗೊತ್ತುಂಟಾ? ನೀನು, ಅಪ್ಪ, ಅಜ್ಜ. ತಿಕ್ಕಿ ತಿಕ್ಕಿ."

ಅವನಿಗೆ ನಗು ಬರಲಿಲ್ಲ. ಮುಖ ಸಣ್ಣದಾಯಿತು. ಹೇಳಬಾರದಿತ್ತೇನೋ ಎನ್ನಿಸಿತು, ಆದರೆ ಕಂಡದ್ದನ್ನು ಹೇಳದೆ ಇರಲು ನನಗೆ ಬರುವುದಿಲ್ಲ.

ಕಡ್ತಲೆಯ ಸುತ್ತ ಪೆನ್ಸಿಲ್ ಎಳೆದು, ಏರು, ಬಿರುಕು, ಹಿಡಿಯ ಬುಡದ ದುಂಡು ಬಿಲ್ಲೆ ಎಲ್ಲವನ್ನೂ ಗುರುತು ಮಾಡಿದೆ. ಆಮೇಲೆ ಹಿಡಿ ನೋಡಿದೆ. ಬೆಳ್ಳಿ, ಅರಗು, ಬಟ್ಟೆ ಎಲ್ಲ ಹೋದ ಮೇಲೆ ಅದು ಎಷ್ಟು ಪುಟ್ಟದು! ಮೇಲಿನ ತಡೆಗೂ ಕೆಳಗಿನ ಬಿಲ್ಲೆಗೂ ನಡುವೆ ಜಾಗವೇ ಇಲ್ಲ. ಅಣ್ಣನನ್ನು ಹಿಡಿದು ನೋಡೆಂದೆ. ಅವನ ಮೂರು ಬೆರಳು ಒಳಗೆ ಹೋದವು, ಕಿರುಬೆರಳು ಹೊರಗೇ ಉಳಿಯಿತು. ತಿರುಗಿಸಿ ಹಿಡಿದ, ಒತ್ತಿ ಹಿಡಿದ, ಆಗಲಿಲ್ಲ. ಇಷ್ಟು ವರ್ಷ ಅವನು ಹಿಡಿದದ್ದು ತಡೆಯನ್ನೂ ಬಿಲ್ಲೆಯನ್ನೂ ಸೇರಿಸಿ ಮುಚ್ಚಿದ್ದ ದಪ್ಪ ಬೆಳ್ಳಿಯನ್ನು.

ಆಮೇಲೆ ನಾನು ಹಿಡಿದೆ. ನಾಲ್ಕು ಬೆರಳೂ ಕೂತವು. ಬಿಲ್ಲೆ ಮಣಿಕಟ್ಟಿಗೆ ತಾಗಿ ನಿಂತಿತು. ಎತ್ತಿದರೆ ಭಾರ ಎನ್ನಿಸಲಿಲ್ಲ, ತುದಿ ತಾನಾಗಿ ಮುಂದಕ್ಕೆ ಹೋಯಿತು. ಹೆಂಗಸಿನ ಕೈಗೇ ಮಾಡಿದ್ದು ಎಂದು ನಾನು ಹೇಳುತ್ತಿಲ್ಲ. ಹಳೆಯ ಖಡ್ಗಗಳ ಹಿಡಿ ಬಹಳ ಸಲ ಹೀಗೆ ಬಿಗಿಯಾಗಿಯೇ ಇರುತ್ತದೆ, ಯಾಕೆಂದು ತಿಳಿದವರೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆದರೆ ಆ ಕ್ಷಣದಲ್ಲಿ ನನಗೆ ಆದ ಸಂತೋಷವನ್ನು ಯಾವ ವಿವರಣೆಯೂ ಕಡಿಮೆ ಮಾಡಲಾರದು. ಕಂಬದ ಹಿಂದೆ ನಿಂತೇ ಮುದುಕಿಯಾದವಳ ಕೈಗೆ ಅದು ಸರಿಯಾಗಿ ಕೂತಿತ್ತು. 

ಊಟವಾದ ಮೇಲೆ ಜೀಪು ಹೊರಟಿತು. ಇಂಥದ್ದಕ್ಕೆ ಹೆಂಗಸರು ಹೊಳೆಗೆ ಹೋಗುವ ಕ್ರಮವಿಲ್ಲ. ನಾನು ಎಲ್ಲರಿಗಿಂತ ಮೊದಲೇ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದೆ. ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಕುಮಾರಧಾರೆಯ ನೀರು ತಗ್ಗಿತ್ತು, ಆದರೆ ಬಂಡೆಯ ಬುಡದ ಗುಂಡಿ ಎಂದಿನಂತೆ ಕಪ್ಪಾಗಿತ್ತು. ಆಯುಧವನ್ನು ಎಸೆಯುವಂತಿಲ್ಲ, ಬೀಳಿಸುವಂತಿಲ್ಲ. ನೀರಿನೊಳಗೆ ಹಿಡಿದು, ತುದಿ ಪೂರ್ವಕ್ಕೆ ಮಾಡಿ, ಮೆಲ್ಲನೆ ಕೈ ಬಿಡಬೇಕು. ಅಣ್ಣ ಸೊಂಟದವರೆಗಿನ ನೀರಿಗಿಳಿದು ಗುಂಡಿಯ ಅಂಚಿಗೆ ಹೋದ. ಅಲ್ಲಿ ಸೆಳೆತ ಇತ್ತು. ಹಿಡಿಗೆ ಸವರಿದ ಎಣ್ಣೆ ಬೇರೆ. ಮೂರು ಬೆರಳಿನ ಹಿಡಿತದಲ್ಲಿ ಕಡ್ತಲೆ ಜಾರಿತು, ಅವನು ಅದನ್ನು ತೊಡೆಗೆ ಒತ್ತಿ ಹಿಡಿದುಕೊಂಡ. ಮತ್ತೊಮ್ಮೆ ಪ್ರಯತ್ನಿಸಿದ, ಮತ್ತೆ ಜಾರಿತು. ಆಮೇಲೆ ದಡದ ಕಡೆ ತಿರುಗಿ ನನ್ನನ್ನು ನೋಡಿದ.

"ಇಲ್ಲಿ ಬಾ. ನಿನ್ನ ಕೈಗೆ ಆಗ್ತದೆ."

ದಡದಲ್ಲಿದ್ದ ಚಿಕ್ಕಪ್ಪ, "ಹೆಂಗಸರು ನೀರಿಗಿಳಿಯುದು ಕ್ರಮವಾ?" ಎಂದರು.

"ಬರೀ ಕಬ್ಬಿಣ ಅಂತ ತಂತ್ರಿಗಳೇ ಹೇಳಿದ್ದಲ್ವಾ ಚಿಕ್ಕಪ್ಪ? ಬೀಳಿಸುದಕ್ಕಿಂತ ಒಳ್ಳೇದು" ಎಂದ ಅಣ್ಣ.

ಸೆರಗು ಸಿಕ್ಕಿಸಿಕೊಂಡು ಇಳಿದೆ. ಅಣ್ಣ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ನಾನು ಕಡ್ತಲೆಯನ್ನು ಹಿಡಿದು ನೀರಿನೊಳಗೆ ಇಳಿಸಿದೆ. ನೀರಿನಲ್ಲಿ ಅದು ಇನ್ನೂ ಹಗುರವಾಯಿತು. ಬಿಡಬೇಡ ಎಂದು ಒಳಗಿನಿಂದ ಯಾರೋ ಕೂಗುತ್ತಿದ್ದರು, ಅದು ನಾನೇ. ಒಂದು ಮಾತು ಕೊಟ್ಟಿದ್ದೆ, ದಡದಲ್ಲಿ ಕುಟುಂಬದವರೆಲ್ಲ ಇದ್ದರು, ಅಣ್ಣನ ಕೈ ನನ್ನ ತೋಳಿನ ಮೇಲಿತ್ತು. ತುದಿಯನ್ನು ಪೂರ್ವಕ್ಕೆ ಮಾಡಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅದು ನೇರ ಇಳಿಯಲಿಲ್ಲ, ಅಗಲದ ತುದಿ ಮುಂದಾಗಿ ಓರೆಯಾಗಿ ಹೋಯಿತು. ಒಂದು ಗಳಿಗೆ ಕಂಡಿತು, ಮತ್ತೆ ಕಾಣಲಿಲ್ಲ. ನನಗೆ ಅಳು ಬಂತು. ಎಲ್ಲರ ಎದುರೇ ಅತ್ತೆ.

ದಡದವರು ಕೈಮುಗಿದು ಜೀಪಿನ ಕಡೆ ಹೊರಟರು. ನಾನು ತಿರುಗಿದೆ. ಅಣ್ಣ ತಿರುಗಲಿಲ್ಲ.

"ಅದು ಎಷ್ಟು ಹಳತು?" ಎಂದ.

ಇಷ್ಟು ವರ್ಷಗಳಲ್ಲಿ ಅವನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಗೊತ್ತಿಲ್ಲ" ಎಂದೆ.

"ಒಂದು ಚೂರು ಇದ್ದಿದ್ದರೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು."

ಅವನು ಹೂಂ ಎಂದ. ನಾನು ದಡಕ್ಕೆ ಬಂದು ಸೀರೆ ಹಿಂಡುತ್ತ ಅವನನ್ನು ಕರೆದೆ. ಅವನು ಎದೆಯವರೆಗೆ ನೀರಿರುವಲ್ಲಿಗೆ ಹೋಗಿ, ಒಂದು ಕೈಯಿಂದ ಬಂಡೆ ಹಿಡಿದುಕೊಂಡು, ಗುಂಡಿಯೊಳಗೆ ಕಾಲು ಚಾಚಿ ಹೆಬ್ಬೆರಳಿನಿಂದ ತಡಕುತ್ತಿದ್ದ.